ಬಿಚ್ಚಿ ಕಟ್ಟಿದ ಗಂಟು

ನಮ್ಮ ದೊಡ್ಡಮ್ಮ ಕೂತಲ್ಲಿ ಕೂರುವವಳಲ್ಲ. "ಕಾಲಿಗೆ ಚಕ್ರ ಕಟ್ಕೊಂಡಿದಾಳೆ" ಎಂದು ಅಮ್ಮ ರೇಗಿಸುತ್ತಿದ್ದಳು. ಅವಳು ದುಡಿಯುತ್ತಿದ್ದದ್ದು ನೂಲಿನ ಗಿರಣಿಯಲ್ಲಿ. ಗಿರಣಿ ಆಗಿನ್ನೂ ಹಬೆಯಿಂದ ಓಡುತ್ತಿತ್ತು.

ಅವಳು ಮತ್ತು ಅವಳ ಕೊನೆಯ ತಂಗಿ, ಅಂದರೆ ನಾನು ಹುಟ್ಟುವ ಮೊದಲೇ ತೀರಿಕೊಂಡ ಚಿಕ್ಕಮ್ಮ, ಇಬ್ಬರೂ ನೂಲು ಸುತ್ತುವ ಕೋಣೆಯಲ್ಲಿದ್ದರು. ಎಳೆ ಹರಿದರೆ ತಕ್ಷಣ ಗಂಟು ಹಾಕಬೇಕು, ಸಾಸಿವೆಯಷ್ಟು ಚಿಕ್ಕದು. ದಪ್ಪ ಗಂಟು ಕಂಡರೆ, ಯಾರೇ ಹಾಕಿರಲಿ, ಬಿಚ್ಚಿ ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ಮೇಸ್ತ್ರಿ ಜನ್ಮ ಜಾಲಾಡಿಬಿಡುತ್ತಿದ್ದ. ಹೆಂಗಸರ ಬೆರಳುಗಳು ತಲೆಯನ್ನು ಕೇಳದೆಯೇ ಆ ಕೆಲಸ ಮಾಡುತ್ತಿದ್ದವು.

ಒಂದು ಬೆಳಿಗ್ಗೆ ಚಿಕ್ಕಮ್ಮನ ಹೆಣ ಗಿರಣಿಯ ಹಿಂದಿನ ಹೊಂಡದಲ್ಲಿ ಸಿಕ್ಕಿತು. ಸೊಂಟಕ್ಕೆ ಹುರಿಯಿಂದ ಕಲ್ಲು ಕಟ್ಟಿತ್ತು. ಪೊಲೀಸರು ಬರುವವರೆಗೆ ದೊಡ್ಡಮ್ಮ ಪಕ್ಕದಲ್ಲೇ ಕೂತು ಅತ್ತಳು. ಅಳುತ್ತಲೇ ಆ ಹುರಿಯ ಒರಟು ಗಂಟನ್ನು ಬಿಚ್ಚಿ, ಚೊಕ್ಕವಾಗಿ ಮತ್ತೆ ಕಟ್ಟಿದಳು. ಏನು ಮಾಡಿದೆನೆಂಬ ಅರಿವೂ ಅವಳಿಗಿರಲಿಲ್ಲ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದ. "ಇದು ನೂಲು ಕೋಣೆ ಹೆಂಗಸರ ಗಂಟು. ತಾನೇ ಕಟ್ಕೊಂಡು ಬಿದ್ದಿದಾಳೆ" ಎಂದು ಬರೆದುಕೊಂಡ.

ಮೂರನೆಯ ದಿನ ಯಂತ್ರದ ಮುಂದೆ ಯಾರದೋ ಕೆಟ್ಟ ಗಂಟು ಬಿಚ್ಚುವಾಗ ದೊಡ್ಡಮ್ಮನಿಗೆ ಹೊಂಡದ ಬಳಿ ತಾನು ಮಾಡಿದ್ದು ನೆನಪಾಯಿತು. ಅಂದು ಬಿಚ್ಚಿದ್ದು ಮೂಟೆ ಕಟ್ಟುವ ಗಂಡಸರ ಗಂಟು; ಅದರಲ್ಲೂ ತುದಿಯನ್ನು ಎರಡು ಸಲ ಒಳಗೆ ತೂರಿಸಿ ಕಟ್ಟಿದ್ದು. ಠಾಣೆಗೆ ಓಡಿದಳು. "ತಂಗಿ ಮಾನ ಉಳಿಸೋಕೆ ಕತೆ ಹೇಳ್ತಿದೀಯ, ಹೋಗಮ್ಮ" ಎಂದು ನಕ್ಕು ಕಳಿಸಿದರು.

ಹಟ ಹಿಡಿದು ಮೂಟೆ ಕಟ್ಟುವ ಶೆಡ್ಡಿನಲ್ಲಿ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು. ಒಂದೊಂದು ಮೂಟೆಯ ಗಂಟನ್ನೂ ನೋಡಿದಳು. ನಾಲ್ಕನೆಯ ತಿಂಗಳಲ್ಲಿ ಸಿಕ್ಕಿತು, ತುದಿ ಎರಡು ಸಲ ಒಳಗೆ. ಶೆಡ್ಡಿನಲ್ಲಿ ಹಾಗೆ ಕಟ್ಟುತ್ತಿದ್ದವನು ಒಬ್ಬನೇ. ಹೊಂಡಕ್ಕಿಳಿದು ಚಿಕ್ಕಮ್ಮನನ್ನು ಎತ್ತಿ ತಂದವನೂ ಅವನೇ. ದೊಡ್ಡಮ್ಮನನ್ನು ಬಾಯಿ ತುಂಬ "ಅಕ್ಕ" ಎನ್ನುತ್ತಿದ್ದ.

ಆ ಗಂಟನ್ನು ಕತ್ತರಿಸಿಕೊಂಡು ಠಾಣೆಗೆ ಒಯ್ದಳು.

"ಸರಿ, ಹೋಲಿಸಿ ನೋಡೋಣ. ಆವತ್ತಿಂದು ಎಲ್ಲಿ?" ಎಂದ ಇನ್‌ಸ್ಪೆಕ್ಟರ್.

"ನಾನೇ ಬಿಚ್ಚಿಬಿಟ್ಟೆ, ಸ್ವಾಮಿ."

ಕೇಸು ಅಲ್ಲಿಗೇ ಮುಗಿಯಿತು. ದೊಡ್ಡಮ್ಮ ಮಾತ್ರ ಮಾರನೆಯ ದಿನವೇ ಶೆಡ್ಡಿಗೆ ಹೋಗಿ ಅವನೆದುರಿಗೆ ಕೂತಳು. ಯಾವ ಹುಡುಗಿಯನ್ನೂ ಅಲ್ಲಿ ಒಬ್ಬಳನ್ನೇ ಬಿಡಲಿಲ್ಲ. ಜ್ವರದಲ್ಲೂ ಹೊರಟು ನಿಲ್ಲುತ್ತಿದ್ದಳು. "ಒಂದಿನ ಮಲ್ಕೊಳ್ಳೇ ಅಕ್ಕ" ಎಂದು ಅಮ್ಮ ಬೇಡಿಕೊಂಡರೆ, "ಹೊಸ ಹುಡುಗಿ ಬಂದಿದಾಳೆ ಕಣೇ" ಎಂದು ಚಪ್ಪಲಿ ಮೆಟ್ಟುತ್ತಿದ್ದಳು. ಹೀಗೇ ಹತ್ತೊಂಬತ್ತು ವರ್ಷ.

ಅವನು ಸತ್ತ ಸುದ್ದಿ ಬಂದ ದಿನ ಅಮ್ಮ, "ಪೀಡೆ ತೊಲಗಿತು, ಬಿಡು" ಎಂದಳು.

ದೊಡ್ಡಮ್ಮ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ಇವು ಸುಮ್ನಿದ್ದಿದ್ರೆ ಜೈಲಲ್ಲಿ ಸಾಯ್ತಿದ್ದ ಕಣೇ. ಮನೇಲಿ, ಮಗಳ ಕೈಲಿ ನೀರು ಕುಡಿದು ಸತ್ನಂತೆ."