ಒಪ್ಪಿಕೊಳ್ಳುವ ಪಾಳಿ

ಪುಣೆಯಲ್ಲಿ ನಾನು ಬೆಳೆದ ಅನಾಥಾಲಯಕ್ಕೆ ಎಲ್ಲರೂ ಹೋಮ್ ಎನ್ನುತ್ತಿದ್ದರು. ಅಪ್ಪ ಅವ್ವ ಕಲಬುರ್ಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ ಕೂಲಿಗಳ ಮುಕಾದಮ ನನ್ನನ್ನು ಅಲ್ಲಿ ಬಿಟ್ಟು ಹೋದ. ಅಲ್ಲಿ ಕನ್ನಡ ಬರುತ್ತಿದ್ದುದು ಇನ್ನೊಬ್ಬ ಹುಡುಗನಿಗೆ ಮಾತ್ರ. ಮೇಲಿನವರನ್ನು ಅವರೆದುರೇ ಬೈಯಲು ಕನ್ನಡ ಬಹಳ ಅನುಕೂಲವಾಗಿತ್ತು. ಹಾಗಾಗಿ ನಾವಿಬ್ಬರೂ ಗೆಳೆಯರಾದೆವು.

ಹೋಮಿನಲ್ಲಿ ಏನಾದರೂ ಕಳೆದರೆ ಸೂಪರಿಂಟೆಂಡೆಂಟ್ ಸಾಹೇಬರು ಊಟದ ಹೊತ್ತಿಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದರು. “ಕುಣೀ ಘೇತಲಂ?” ಎಂದು ಮರಾಠಿಯಲ್ಲಿ ಕೇಳುತ್ತಿದ್ದರು, ಯಾರು ತೆಗೆದುಕೊಂಡಿದ್ದು ಎಂದು. ಯಾರಾದರೂ ಒಪ್ಪಿಕೊಳ್ಳುವ ತನಕ ಯಾರಿಗೂ ಊಟವಿಲ್ಲ. ತೆಗೆದುಕೊಂಡವನೇ ಒಪ್ಪಿಕೊಳ್ಳುವ ಪದ್ಧತಿ ಲೋಕದಲ್ಲಿ ಎಲ್ಲೂ ಇಲ್ಲವಾದ್ದರಿಂದ ಸಾರು ಆರಿಹೋಗುತ್ತಿತ್ತು. ಕೊನೆಗೆ ದೊಡ್ಡ ಹುಡುಗರು ಕೂತು ಒಂದು ವ್ಯವಸ್ಥೆ ಮಾಡಿದರು. ಕಸ ಗುಡಿಸಲು ಪಾಳಿ ಇದ್ದಂತೆ ಒಪ್ಪಿಕೊಳ್ಳಲೂ ಪಾಳಿ. ಪಾಳಿ ಬಂದವನು ಕೈ ಎತ್ತಬೇಕು, ಅಂಗೈಗೆ ಛಡಿ ಏಟು ತಿನ್ನಬೇಕು, ಆಮೇಲೆ ಎಲ್ಲರೂ ಉಣ್ಣಬೇಕು. ಹಾಲುಹಲ್ಲು ಬೀಳದವರಿಗೂ ಜ್ವರ ಬಂದವರಿಗೂ ವಿನಾಯಿತಿ ಇತ್ತು. ಅಷ್ಟು ನ್ಯಾಯವಾದ ಸರದಿಯನ್ನು ನಾನು ಮುಂದೆ ರೇಷನ್ ಅಂಗಡಿಯಲ್ಲೂ ಕಾಣಲಿಲ್ಲ. ಸಾಹೇಬರ ಮನೆಯಲ್ಲಿ ಬೆಕ್ಕು ತಿಂದ ಬೆಣ್ಣೆಯನ್ನು ನಾನೇ ಒಪ್ಪಿಕೊಂಡಿದ್ದೇನೆ. ಕದ್ದ ಮಾಲು ಎಲ್ಲಿ ಎಂದು ಸಾಹೇಬರು ಒಮ್ಮೆಯೂ ಕೇಳಿದವರಲ್ಲ. ಅವರಿಗೆ ಬೇಕಾಗಿದ್ದುದು ಒಬ್ಬ ಹುಡುಗ, ಅಷ್ಟೆ.

ಹದಿನೆಂಟು ತುಂಬಿದಾಗ ಹೋಮಿನವರು ಒಂದು ಟ್ರಂಕು ಕೊಟ್ಟು, ಒಳ್ಳೆಯ ನಾಗರಿಕರಾಗಿ ಎಂದು ಹೇಳಿ, ಗೇಟು ಹಾಕಿಕೊಂಡರು. ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನೂ ಗೆಳೆಯನೂ ವಿಜಾಪುರ ಕಡೆಯವರೊಬ್ಬರ ಖಾನಾವಳಿಯಲ್ಲಿ ಕೆಲಸಕ್ಕೆ ಸೇರಿದೆವು. ನಾನು ಪಾತ್ರೆ ತೊಳೆಯುತ್ತಿದ್ದೆ, ಅವನು ಬಡಿಸುತ್ತಿದ್ದ. ನಮ್ಮ ಕಡೆಯ ಗುಮಾಸ್ತರು, ವ್ಯಾಪಾರಿಗಳು ಜೋಳದ ರೊಟ್ಟಿಯ ಆಸೆಗೆ ಅಲ್ಲಿಗೆ ಬರುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಗಿರಾಕಿಗಳೆಲ್ಲ ತಾಟಿನ ಮುಂದೆ ಕೂತಿದ್ದಾಗ ಮಾಲಕರ ಕೈಗಡಿಯಾರ ಕಾಣೆಯಾಯಿತು. ಅವರು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಕೂಗಿದರು.

“ಯಾರು ತಗೊಂಡೀರಿ ಹೇಳ್ರಿ. ಹೇಳೂ ತನಕ ಒಂದು ರೊಟ್ಟಿನೂ ಹೊರಗ ಹೋಗಂಗಿಲ್ಲ.”

ಗೆಳೆಯ ಹಸಿದು ಕೂತವರನ್ನು ನೋಡಿದ. ಆಮೇಲೆ ನನ್ನ ಕಿವಿಯಲ್ಲಿ, “ಹೋದ ಸಲ ನಿಂದಾಗಿತ್ತು, ಈ ಸಲ ನನ್ನ ಪಾಳಿ” ಎಂದು ಪಲ್ಯದ ಸೌಟು ಕೆಳಗಿಟ್ಟು ಕೈ ಎತ್ತಿದ. “ನಾನ್ರಿ.”

ಕಪಾಳಕ್ಕೆ ಎರಡು ಬಿದ್ದು ಮುಗಿಯುತ್ತದೆ ಎಂದು ನಾವಿಬ್ಬರೂ ತಿಳಿದಿದ್ದೆವು. ಮಾಲಕರು ಕೆಟ್ಟವರಲ್ಲ. ಅವರ ಸ್ವಂತ ಮಗ ಗಲ್ಲಾಕ್ಕೆ ಕೈ ಹಾಕಿ ಸಿಕ್ಕಿಬಿದ್ದಾಗ ಅವನ ತಾಯಿ ಅತ್ತರು, ಅಲ್ಲಿಗೆ ಆ ಪ್ರಕರಣ ಮುಗಿಯಿತು. ಗೆಳೆಯನಿಗೆ ಅಳುವವರು ಯಾರೂ ಇರಲಿಲ್ಲವಾದ್ದರಿಂದ ಪೊಲೀಸ್ ಚೌಕಿಗೆ ಹೇಳಿ ಕಳಿಸಿದರು. ಪೊಲೀಸರು ಎಳೆದೊಯ್ಯುವಾಗ ಅವನು ತಿರುಗಿ ನೋಡಿದ್ದು ರೊಟ್ಟಿ ಹೊರಗೆ ಹೋಗುತ್ತಿದೆಯೇ ಎಂದು. ಹೋಗುತ್ತಿತ್ತು.

ಚೌಕಿಯಲ್ಲಿ ಅವರು ಗಡಿಯಾರ ಎಲ್ಲಿ ಎಂದು ಕೇಳಿದರಂತೆ. ಇದು ಅವನಿಗೆ ಹೊಸ ಪ್ರಶ್ನೆ. ಉತ್ತರ ಗೊತ್ತಿಲ್ಲದ್ದಕ್ಕೆ ಚೆನ್ನಾಗಿ ಹೊಡೆದರು.

ಮುಂದಿನ ವಾರ ಗಡಿಯಾರ ಜೋಳದ ಹಿಟ್ಟಿನ ಡಬ್ಬಿಯೊಳಗೆ ಸಿಕ್ಕಿತು. ಹಿಟ್ಟು ಅಳೆಯುವಾಗ ಮಾಲಕರ ಕೈಯಿಂದಲೇ ಜಾರಿತ್ತು, ಪಟ್ಟಿ ಹರಿದಿತ್ತು. ಅವರು ಪ್ರಾಮಾಣಿಕರು, ಆಗಲೇ ಚೌಕಿಗೆ ಹೋದರು. ಅಲ್ಲಿ ಫೌಜದಾರ, ಓಹೋ, ಅಲ್ಲಿ ಬಚ್ಚಿಟ್ಟಿದ್ದನೋ ಎಂದ. ಹೋಗುವಾಗ ಮುಖ ಸಣ್ಣ ಮಾಡಿಕೊಂಡಿದ್ದ ಮಾಲಕರು ಬರುವಾಗ ಹಗುರಾಗಿದ್ದರು.

“ಪಟ್ಟಿ ಹರಿದು ಬಿದ್ದದ್ದರಿ ಅದು” ಎಂದೆ ನಾನು.

“ಅಂವ ತಾನ ಒಪ್ಪಿಕೊಂಡಾನಲ್ಲೋ. ತಗೊಳ್ಳದವ ಯಾಕ ಒಪ್ಪಿಕೋತಾನ?”

ಪಾಳಿಯ ವಿಷಯ ಹೇಳಿದೆ. ಅವರು ನಕ್ಕು, ಹೋಮಿನವರು ಭಾಳ ಶಾಣ್ಯಾ ಅದೀರಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಹೋಗಿ ಪಾತ್ರೆ ತೊಳೆದೆ.

ಉಳಿದ ದಾರಿ ಒಂದೇ. ಕೋರ್ಟಿನಲ್ಲಿ ಅವನು ಇಲ್ಲ ಎನ್ನಬೇಕು. ಇಲ್ಲ ಎಂದರೆ ಬಿಡುಗಡೆಯಾಗಬಹುದು, ಒಪ್ಪಿಕೊಂಡರೆ ಶಿಕ್ಷೆ ಖಂಡಿತ ಎಂದು ಒಬ್ಬ ವಕೀಲರ ಗುಮಾಸ್ತ ಊಟ ಮಾಡುತ್ತ ಹೇಳಿದ್ದ. ಜೈಲಿನ ಭೇಟಿಯಲ್ಲಿ ನಾನು ಇದನ್ನೇ ಪಾಠ ಮಾಡಿದೆ.

“ನಾ ತಗೊಂಡಿಲ್ಲ ಅನ್ನು.”

“ಹಂಗಂದ್ರ ಮತ್ತ ಯಾರ ಮ್ಯಾಲ ಬರತದ?”

“ಯಾರ ಮ್ಯಾಲೂ ಬರಂಗಿಲ್ಲೋ. ಗಡಿಯಾರ ಸಿಕ್ಕದ.”

ಇದು ಅವನಿಗೆ ನಂಬಲಾಗದ ಮಾತು. ಆದರೂ ನನ್ನ ಮೇಲಿನ ವಿಶ್ವಾಸಕ್ಕೆ ಕಲಿತ. “ಮೀ ನಾಹೀ ಘೇತಲಂ” ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿ ರೂಢಿ ಮಾಡಿಕೊಂಡ. ಮೊದಮೊದಲು ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದ.

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನ್ಯಾಯಾಧೀಶರು ವಯಸ್ಸಾದವರು, ಸೌಮ್ಯವಾಗಿ ಮಾತಾಡಿದರು. ನೀನು ತೆಗೆದುಕೊಂಡೆಯಾ ಎಂದು ಕೇಳಿದರು. ಗೆಳೆಯ ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ, “ಮೀ ನಾಹೀ ಘೇತಲಂ” ಎಂದ. ನನ್ನ ತಮ್ಮನೇ ಶಾಲೆಯಲ್ಲಿ ಮೊದಲ ನಂಬರು ಬಂದಷ್ಟು ಹೆಮ್ಮೆಯಾಯಿತು.

ನ್ಯಾಯಾಧೀಶರು ಕನ್ನಡಕ ತೆಗೆದು, “ಮಗ ಕುಣೀ ಘೇತಲಂ?” ಎಂದರು. ಹಾಗಾದರೆ ಯಾರು ತೆಗೆದುಕೊಂಡಿದ್ದು?

ಕಟಕಟೆಯಲ್ಲಿ ಅವನ ಕೈ ಮೇಲೆದ್ದಿತು. ಹಿಂದಿನ ಬೆಂಚಿನಲ್ಲಿ ನನ್ನ ಕೈಯೂ ಎದ್ದಿತ್ತು. ಎತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಪಕ್ಕದಲ್ಲಿದ್ದ ಪೊಲೀಸ್ ಪೇದೆ, ಇಲ್ಲಿ ಹಾಗೆಲ್ಲ ಮಾಡಬಾರದು ಎಂದು ಗದರಿಸಿ ನನ್ನ ಕೈ ಹಿಡಿದು ಕೆಳಗಿಳಿಸಿದ. ಅವನ ಕೈ ಇಳಿಸುವವರು ಯಾರೂ ಇರಲಿಲ್ಲ.