ಗಂಟು ಬಿಚ್ಚಿದ ಕೈ

ನಮ್ಮೂರ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ವಸ್ತಾದರ ಬಲಗಿವಿ ಎಣ್ಣೆಯಲ್ಲಿ ಕರಿದ ಹಪ್ಪಳದ ಹಾಗೆ ಮುದುರಿಕೊಂಡಿತ್ತು. ಕುಸ್ತಿಯ ಕಣದಲ್ಲಿ ಯಾರ್ಯಾರದೋ ತೋಳಿಗೆ ಸಿಕ್ಕಿ ಜಜ್ಜಿಹೋದ ಕಿವಿ ಅದು. ಯಾರಾದರೂ ಎದುರಾಡಿದರೆ ತಲೆ ಓರೆಮಾಡಿ ಆ ಕಿವಿಯನ್ನೇ ಒಡ್ಡುತ್ತಿದ್ದರು. “ಈ ಕಿವಿಗಿ ಬೈಗಳ ಹೋಗಂಗಿಲ್ರಿ, ಹೊಗಳಿಕಿ ಅಟ್ಟೇ ಹೋಗ್ತದ” ಎನ್ನುತ್ತಿದ್ದರು. ಹೊಗಳುವವರು ನಮ್ಮೂರಲ್ಲಿ ಯಾರಿದ್ದರು ಎಂಬುದು ಬೇರೆ ಮಾತು.

ನಮ್ಮೂರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ. ತೊಗರಿ ರಾಶಿ ಮುಗಿದ ಮೇಲೆ ಇಲ್ಲಿ ಗಂಟಿನ ಕುಸ್ತಿ ನಡೆಯುತ್ತದೆ. ಇಬ್ಬರು ಪೈಲ್ವಾನರ ಎಡಗೈಗಳನ್ನು ಒಂದೇ ಒದ್ದೆ ರುಮಾಲಿನಿಂದ ಬಿಗಿಯುತ್ತಾರೆ. ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೆ ಗಂಟು ಬಿಚ್ಚುವಂತಿಲ್ಲ. ಭೂಮಿತಾಯಿಗೆ ಕೊಟ್ಟ ಮಾತು ಅದು. ನಡುವೆ ಗಂಟು ಕಟ್ಟಿದ ವಸ್ತಾದನೇ ಬಿಚ್ಚಿದರೆ ಅವನ ಗರಡಿ ಸೋತಂತೆ, ಮತ್ತೆಂದೂ ಅವನು ಗಂಟು ಕಟ್ಟುವಂತಿಲ್ಲ. ಹೆಂಡತಿ ಮಕ್ಕಳಿಲ್ಲದ ನಮ್ಮ ವಸ್ತಾದರಿಗೆ ಗಂಟು ಕಟ್ಟುವುದೇ ಸಂಸಾರವಾಗಿತ್ತು.

ಆ ವರ್ಷ ಕಣಕ್ಕಿಳಿದವನು ನನ್ನ ಅಣ್ಣ, ವಸ್ತಾದರ ಕೈಯಲ್ಲೇ ಬೆಳೆದವನು. ಎದುರಾಳಿ ಹುಮನಾಬಾದಿನವನು, ಕೋಣದಂಥ ಆಳು. ಅಭ್ಯಾಸದಲ್ಲಿ ಕುತ್ತಿಗೆ ಉಳುಕಿದ್ದನ್ನು ಅಣ್ಣ ಯಾರಿಗೂ ಹೇಳಿರಲಿಲ್ಲ. ನೋವು ಹೇಳಿಕೊಂಡವನು ಪೈಲ್ವಾನನೇ ಅಲ್ಲ ಎಂಬ ಹುಂಬತನ. ಕುಸ್ತಿಗೆ ಮೊದಲು ಇಬ್ಬರೂ ಒಂದೊಂದು ಮುಷ್ಟಿ ಕೆಮ್ಮಣ್ಣು ತೆಗೆದು ಎದುರಾಳಿಯ ಹೆಗಲಿಗೆ ಹಾಕಬೇಕು. ಅಣ್ಣನ ಬಲಮುಷ್ಟಿಯಿಂದ ಮಣ್ಣು ಸೋರಿತು. ಬೆರಳುಗಳು ಪೂರಾ ಮುಚ್ಚಿರಲಿಲ್ಲ. ನಾನು ಕಣದ ಸುತ್ತ ಕಟ್ಟಿದ್ದ ಹಗ್ಗದ ಬದಿಯಲ್ಲೇ ನಿಂತಿದ್ದೆ.

“ಕೈಗಿ ಏನಾಗ್ಯಾದೋ?” ಎಂದರು ವಸ್ತಾದರು.

“ಏನೂ ಆಗಿಲ್ರಿ. ಕಟ್ರಿ ನೀವು.”

ಕಟ್ಟಿದರು. ಆದರೆ ಹಿಂದೆ ಸರಿಯಲಿಲ್ಲ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಅಣ್ಣನ ಬಲಗೈಯನ್ನೇ ನೋಡತೊಡಗಿದರು.

ಸ್ವಲ್ಪ ಹೊತ್ತಿಗೆ ಅಣ್ಣ ಕೆಳಗಾದ. ಬೆನ್ನು ತಾಗಬಾರದೆಂದು ನೆತ್ತಿಯನ್ನು ನೆಲಕ್ಕೊತ್ತಿ, ನಡು ಮೇಲೆತ್ತಿ ಕಮಾನಾದ. ಮೇಲಿದ್ದವನು ಎದೆಯಿಂದ ಅದುಮತೊಡಗಿದ. ಹಲಗೆಯ ಬಡಿತ ಜೋರಾಯಿತು. ನಮ್ಮ ಓಣಿಯವರೆಲ್ಲ “ಬಿಡಬ್ಯಾಡ, ಬಿಡಬ್ಯಾಡ!” ಎಂದು ಕೂಗುತ್ತಿದ್ದರು. ಅಣ್ಣನ ಮುಖ ಕಪ್ಪಿಟ್ಟಿತ್ತು, ಬಲಗೈ ಮಣ್ಣಿನ ಮೇಲೆ ಬೆರಳು ಬಿಚ್ಚಿಕೊಂಡು ಸುಮ್ಮನೆ ಬಿದ್ದಿತ್ತು, ಯಾರದೋ ಕೈಯ ಹಾಗೆ.

ವಸ್ತಾದರು ಎದ್ದರು. “ಬಸ್, ಏಳಪಾ” ಎಂದು ಮೇಲಿದ್ದವನ ಹೆಗಲು ತಟ್ಟಿ, ಗಂಟು ಬಿಚ್ಚಿಬಿಟ್ಟರು.

ಹಲಗೆ ನಿಂತಿತು. ಆಮೇಲೆ ಬಂದ ಬೈಗುಳಗಳನ್ನು ಬರೆಯಲಾರೆ. ನಮ್ಮ ಓಣಿಯವರೇ ಯಾರೋ ಚಪ್ಪಲಿ ಎಸೆದರು.

“ಬೆನ್ನಿಗಿ ಹತ್ತಿದ ಮಣ್ಣ ತೊಳದ್ರ ಹೋಗ್ತದ. ಕುತ್ತಿಗಿ ಮುರದ್ರ ಯಾವ ದೇವ್ರು ಜೋಡಸ್ತಾನ್ರೋ?” ವಸ್ತಾದರು ಅಷ್ಟೇ ಅಂದು, ರುಮಾಲನ್ನು ಮಡಚಿ ಕಣದ ನಡುವೆ ಇಟ್ಟು, ಹಗ್ಗ ದಾಟಿ ಹೊರಗೆ ಬಂದರು.

ಹುಮನಾಬಾದಿನ ಡಾಕ್ಟರು, ಇನ್ನೊಂದಿಷ್ಟು ಅದುಮಿದ್ದರೆ ಕುತ್ತಿಗೆಯಿಂದ ಕೆಳಗೆ ಏನೂ ಆಡುತ್ತಿರಲಿಲ್ಲ ಎಂದರು. ಅಣ್ಣನಿಗೆ ಆ ಮಾತು ಬೇಕಿರಲಿಲ್ಲ. “ನನ್ನ ಇಜ್ಜತ್ ತೆಗದಾನ ಆ ಮುದುಕ” ಎನ್ನುತ್ತ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಮಲಗಿದ. ವಸ್ತಾದರು ಸಂಜೆ ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು, ಒಳಗಿನಿಂದ ಅಣ್ಣ ಬೈಯುತ್ತಿದ್ದ. ನನಗೇ ನಾಚಿಕೆಯಾಗಿ, ಚಹಾ ಕೊಡುತ್ತ “ಮನಸಿಗಿ ಹಚ್ಕೋಬ್ಯಾಡ್ರಿ” ಎಂದೆ.

“ಬೈಲಿ ಬಿಡವ್ವ. ಬೈಯಾಕ ಉಸರ ಬೇಕಲ್ಲ” ಎಂದವರು, ಚೆನ್ನಾಗಿದ್ದ ಎಡಗಿವಿಯನ್ನು ಒಳಬಾಗಿಲ ಕಡೆ ತಿರುಗಿಸಿ ಕುಳಿತರು.

ಮುಂದೆಯೂ ಪ್ರತಿವರ್ಷ ಕಣದ ಮಣ್ಣು ಅಗೆದು ಹದ ಮಾಡುತ್ತಿದ್ದವರು ಅವರೇ. ಕುಸ್ತಿಯ ದಿನ ಮಾತ್ರ ಹಗ್ಗದಾಚೆ, ಹೆಂಗಸರು ಮಕ್ಕಳ ಹಿಂದೆ ನಿಲ್ಲುತ್ತಿದ್ದರು. ಅಣ್ಣ ಚೇತರಿಸಿಕೊಂಡ, ಟ್ರ್ಯಾಕ್ಟರ್ ಓಡಿಸಿದ, ಮಗಳನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಿದ. ವಸ್ತಾದರೊಡನೆ ಮಾತ್ರ ಮಾತಿಲ್ಲ. ಹಟದಲ್ಲಿ ಅವನು ಕೋಣಕ್ಕೂ ಅಣ್ಣ.

ಹೋದ ವರ್ಷ ವಸ್ತಾದರು ತೀರಿಕೊಂಡರು. ಊರವರೆಲ್ಲ ಕುಣಿಗೆ ಒಂದೊಂದು ಮುಷ್ಟಿ ಮಣ್ಣು ಹಾಕಿದರು. ಅಣ್ಣ ಕೊನೆಗೆ ಬಂದ. ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದವನು, ಹಾಕದೆ, ಕೈ ಚಾಚಿ ಹಾಗೇ ನಿಂತ. ಮುಷ್ಟಿಯಿಂದ ಒಂದು ಹರಳೂ ಉದುರಲಿಲ್ಲ.

“ನೋಡ್ರಿ ವಸ್ತಾದರ,” ಎಂದ, “ಬೆರಳ ಮುಚ್ಚಾಕತ್ತಾವ.”