ಎದ್ದು ನಿಂತವರಿಗೆ ಊಟ

1991ರಲ್ಲಿ ನಾನು ಮೆಲ್ಬರ್ನ್‌ನ ಒಂದು ವೃದ್ಧಾಶ್ರಮದಲ್ಲಿ ಕಿಚನ್ ಹ್ಯಾಂಡ್ ಆಗಿದ್ದೆ. ತರಕಾರಿ ಹೆಚ್ಚುವುದು, ಬಡಿಸುವುದು, ಪಾತ್ರೆ ತೊಳೆಯುವುದು ನನ್ನ ಕೆಲಸ. ನಿಮ್ಮ ತಾತ ತೀರಿಕೊಂಡಿದ್ದರು, ನಿಮ್ಮಪ್ಪ ಇನ್ನೂ ಸ್ಕೂಲಿನಲ್ಲಿದ್ದ. ಮನೆ ನಡೆಯುತ್ತಿದ್ದುದು ಅದರಿಂದಲೇ.

ಆಶ್ರಮ ಕಟ್ಟಿಸಿದವನು ಹಳೆಯ ಕಾಲದ ಒಬ್ಬ ಫೌಂಡ್ರಿ ಮಾಲೀಕ. ಫೌಂಡ್ರಿ ಎಂದರೆ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ. ಸ್ಕಾಟ್ಲೆಂಡಿನಿಂದ ಬರಿಗೈಯಲ್ಲಿ ಬಂದವನು, ಇಲ್ಲಿನ ಹಳೆ ಮನೆಗಳ ವೆರಾಂಡದಲ್ಲಿ ನೀವು ನೋಡುವಂಥ ಕಬ್ಬಿಣದ ಕುಸುರಿ ಜಾಲರಿ ಮಾಡಿ ಸಿರಿವಂತನಾದ. ಆಸ್ಪತ್ರೆಗೆ ಕೊಟ್ಟ, ಚರ್ಚಿಗೆ ಕೊಟ್ಟ, ಕೊನೆಗೆ ಈ ಆಶ್ರಮ ಕಟ್ಟಿಸಿದ. ಊಟದ ಹಾಲಿನಲ್ಲಿ ಅವನ ದೊಡ್ಡ ಪಟವಿತ್ತು. ಭಾನುವಾರ ಮಧ್ಯಾಹ್ನ ತಟ್ಟೆ ಮುಂದಿಟ್ಟ ಮೇಲೆ ಎಲ್ಲರೂ ಎದ್ದು, ಪಟದ ಕಡೆ ತಿರುಗಿ ಥ್ಯಾಂಕ್ಸ್ ಹೇಳಬೇಕು. ಅದು ಅವನೇ ಇಟ್ಟುಹೋದ ನಿಯಮ.

ನಮ್ಮೂರಲ್ಲಿ ಪಂಕ್ತಿಯಿಂದ ಏಳುವಾಗ 'ಅನ್ನದಾತಾ ಸುಖೀಭವ' ಅನ್ನುತ್ತೇವಲ್ಲ, ಇದೂ ಹಾಗೇ ಅಂದುಕೊಂಡು ನಾನೂ ಕೈ ಮುಗಿಯುತ್ತಿದ್ದೆ.

ಆಮೇಲೆ ಎಲ್ಸಿ ಎಂಬ ಅಜ್ಜಿ ಹೊಸದಾಗಿ ಬಂದರು. ಮೊದಲ ಭಾನುವಾರವೇ ಅವರು ಏಳಲಿಲ್ಲ. ಕಾಲು ನೋವಾ ಎಂದು ಬಗ್ಗಿ ಕೇಳಿದೆ.

"ನನ್ನ ಕಾಲು ಚೆನ್ನಾಗಿದೆ, ಲವ್. ಹೋಗಿದ್ದು ನಮ್ಮಪ್ಪನ ಕಾಲು. ಇವನ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಬೂಟಿನೊಳಗೆ ಬಿತ್ತು. ಇವನು ಒಂದು ಬುಟ್ಟಿ ಹಣ್ಣು ಕಳಿಸಿ, ಅಪ್ಪನ ಜಾಗಕ್ಕೆ ಬೇರೆಯವನನ್ನ ಹಾಕಿಕೊಂಡ. ಹಣ್ಣಿಗೆ ಥ್ಯಾಂಕ್ಸ್ ಹೇಳಿ ಬಾ ಅಂತ ಅಮ್ಮ ನನ್ನನ್ನ ಕಳಿಸಿದ್ದಳು. ಹೇಳಿ ಬಂದಿದ್ದೆ. ಒಂದು ಸಲ ಸಾಕು."

ಮೇಟ್ರನ್, ಅಂದರೆ ಆಶ್ರಮದ ಮೇಲ್ವಿಚಾರಕಿ, ನನ್ನ ಹತ್ತಿರ ಬಂದರು. "ನಿಲ್ಲುವವರೆಗೆ ಅವರಿಗೆ ಊಟವಿಲ್ಲ. ತಟ್ಟೆ ತೆಗೆ, ಡಿಯರ್."

ಬಡಿಸಿದ ತಟ್ಟೆ ಎತ್ತುವುದು. ನಮ್ಮಲ್ಲಿ ಕೋರ್ಟಿಗೆ ಎಳೆದ ದಾಯಾದಿಯ ಮುಂದಿನ ಎಲೆಯನ್ನೂ ಯಾರೂ ಎತ್ತುವುದಿಲ್ಲ. ಗ್ರೇವಿ ಆರಿ ಕೆನೆಗಟ್ಟುತ್ತಿತ್ತು. ಉಳಿದ ಮುದುಕರು ಮೇಜು ಹಿಡಿದು, ನಡುಗುತ್ತ, ತಟ್ಟೆಯನ್ನೇ ನೋಡುತ್ತ ನಿಂತಿದ್ದರು. ನಮ್ಮ 'ಅನ್ನದಾತಾ ಸುಖೀಭವ' ಉಂಡವರು ತಾವಾಗಿ ಹರಸುವುದು. ಇದು ಹಸಿದವರಿಂದ ಮೊದಲೇ ವಸೂಲು ಮಾಡುವುದು.

"ಐ ಕಾಂಟ್" ಅಂದೆ.

"ಕಾಂಟ್ ಅಥವಾ ವೋಂಟ್?"

ಆಗ ನನಗೆ ಅವೆರಡರ ವ್ಯತ್ಯಾಸ ಸರಿಯಾಗಿ ಗೊತ್ತಿರಲಿಲ್ಲ. "ಬೋತ್" ಅಂದೆ.

ಎಲ್ಸಿ ಕಿಸಕ್ಕನೆ ನಕ್ಕು ಫೋರ್ಕ್ ಎತ್ತಿಕೊಂಡರು.

ನನ್ನ ಕೆಲಸ ಉಳಿಯಿತು, ಆದರೆ ಬಡಿಸುವುದರಿಂದ ತೆಗೆದು ಬರೀ ಪಾತ್ರೆ ತೊಳೆಯಲು ಹಾಕಿದರು. ಮುಂದಿನ ಭಾನುವಾರದಿಂದ ಎಲ್ಸಿಯ ಊಟ ಅವರ ರೂಮಿಗೇ ಹೋಗತೊಡಗಿತು. ಮಿಕ್ಕವರ ಕುರ್ಚಿಗಳು ಸರಿಯುವ ಸದ್ದು ಮಾತ್ರ ಸಿಂಕಿನವರೆಗೂ ಕೇಳುತ್ತಿತ್ತು. ಇಂದಿಗೂ ನೆನೆದರೆ ಅಸಹ್ಯವಾಗುತ್ತದೆ.

ಮಕ್ಕಳೇ, ಯಾರಿಗಾದರೂ ಬಡಿಸಿದ ಮೇಲೆ ಅವರ ಮುಖ ನೋಡುತ್ತ ನಿಲ್ಲಬೇಡಿ. ಉಪ್ಪು ಬೇಕಾ ಅಂತ ಕೇಳಿ, ಒಳಗೆ ಹೋಗಿಬಿಡಿ.